ಕಲ್ಲಯ್ಯನವರ ಮೀನು

ಮನಸ್ಸಿಗೆ ನೆಮ್ಮದಿ ಬೇಕೆಂದು ಗುರು-ಶಿಷ್ಯರ ಕಥೆ ಓದುವವರಿದ್ದಾರೆ. ಅವರು ಇದನ್ನು ಬಿಟ್ಟು ಮುಂದಿನ ಪುಟಕ್ಕೆ ಹೋಗಬಹುದು. ಇದರಲ್ಲಿ ಶಿಷ್ಯನಿಗೂ ಸಿಟ್ಟು ಬರುತ್ತದೆ, ಗುರುವಿಗೂ ಬರುತ್ತದೆ. ಹೇಳುವ ನನಗಂತೂ ಪ್ರತಿಸಲ ಬರುತ್ತದೆ.

ಬಡಗಣ ಸೀಮೆಯ ಬಯಲಿನಲ್ಲಿ ಸುಂಕವ್ವನ ಕೆರೆ ಎಂದು ಒಂದು ಕೆರೆ. ಅದರ ಏರಿಯ ಮೇಲೆ ಬೇವಿನ ಮರ, ಮರದ ಕೆಳಗೆ ಗುಡಿಸಲು. ಗುಡಿಸಲಲ್ಲಿ ತೆಪ್ಪದಜ್ಜ.

ಅಜ್ಜ ಹುಟ್ಟಿದ್ದು ಅಂಬಿಗರ ಮನೆಯಲ್ಲಿ. ಹರೆಯದಲ್ಲಿ ಅದೇ ಕೆರೆಯಲ್ಲಿ ತೆಪ್ಪ ನಡೆಸಿ ಮೀನು ಹಿಡಿದವರು. ಆಮೇಲೆ ಒಂದು ದಿನ ತೆಪ್ಪದ ಹುಟ್ಟನ್ನು ಗುಡಿಸಲಿನ ತೊಲೆಗೆ ತೂಗುಹಾಕಿ ಸುಮ್ಮನೆ ಕೂತರು. ಜನ ಬಂದು ಎದುರಿಗೆ ಕೂತರು. ಗುರು ಆಗುವುದಕ್ಕೆ ಅವರು ಮಾಡಿದ್ದು ಅಷ್ಟೇ.

ಅವರ ಬಳಿ ಕಲ್ಲಯ್ಯ ಬಂದ. ಜಂಗಮರ ಮನೆಯವನು, ಮೂವತ್ತರ ಆಸುಪಾಸು, ಮೂಗಿನ ತುದಿಯಲ್ಲೇ ಸಿಟ್ಟು. ಪಾಲಿನ ಜಗಳದಲ್ಲಿ ಸ್ವಂತ ಅಣ್ಣನ ಮೇಲೆ ಕೈ ಎತ್ತಿ, ಎತ್ತಿದ ಕೈಯನ್ನು ತಾನೇ ನೋಡಿ ಹೆದರಿ, ಉಟ್ಟ ಬಟ್ಟೆಯಲ್ಲಿ ಬಂದಿದ್ದ.

"ಅಜ್ಜಾರ, ನನಗೇನರ ಕಲಿಸ್ರಿ."

"ಜೀವ ನೋಯಿಸಬ್ಯಾಡ. ಇದನ್ನ ಕಲಿ."

"ಅಷ್ಟನ?"

"ಅದ ಹೆಚ್ಚಾತು."

ಕಲ್ಲಯ್ಯ ಕಲಿತ. ಹಟ ಹಿಡಿದು ಕಲಿತ. ಇರುವೆ ಸಾಲು ಕಂಡರೆ ಅದು ಮುಗಿಯುವವರೆಗೆ ನಿಲ್ಲುವನು. ಅತ್ತ ಚಹಾ ಉಕ್ಕಿ ಒಲೆ ಆರಿದರೂ ಕಾಲು ದಾಟಿಸುವವನಲ್ಲ. ಪಲ್ಯಕ್ಕೆ ಸೊಪ್ಪು ಚಿವುಟುವಾಗ ಗಿಡದ ಕ್ಷಮೆ ಕೇಳುವನು. ಎಂಥ ಸಿಟ್ಟಿನ ಮನುಷ್ಯ ಎಂಥ ಸಾಧು ಆದನೆಂದು ಜನ ಮೂಗಿನ ಮೇಲೆ ಬೆರಳಿಟ್ಟರು.

ಒಮ್ಮೆ ತೊಲೆಯ ಕಡೆ ಕೈಮಾಡಿ ಕೇಳಿದ.

"ಮೀನ ಹಿಡಿಯೂದು ಬಿಟ್ರಿ. ಈ ಹುಟ್ಟು ಯಾಕ ಇಟ್ಕೊಂಡೀರಿ, ಅಜ್ಜಾರ?"

"ತೂಗಹಾಕೀನಿ. ಒಗದಿಲ್ಲ."

ಕಲ್ಲಯ್ಯನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನೆಲ್ಲ ಗುರುವಿನ ದೊಡ್ಡತನ ಅಂದುಕೊಂಡು ಸುಮ್ಮನಾದ. ಶಿಷ್ಯರಲ್ಲಿ ಇದೊಂದು ಕೆಟ್ಟ ಚಾಳಿ.

ಯುಗಾದಿ ಕಳೆಯಿತು. ಅಜ್ಜ ಕೋಲು ಹಿಡಿದು ಹೊಳೆಯಾಚೆಯ ಹಳ್ಳಿಗಳಿಗೆ ಹೊರಟರು. ಮಳೆಗಾಲ ಮುಗಿಯುವವರೆಗೆ ಬರುವುದಿಲ್ಲ ಅಂದರು.

"ಗುಡಸಲಾ ನೋಡ್ಕೋ."

"ಮತ್ತೇನರ ಹೇಳಿ ಹೋಗ್ರಿ, ಅಜ್ಜಾರ."

"ಹೇಳೀನಲ್ಲ. ಜೀವ ನೋಯಿಸಬ್ಯಾಡ."

ಅಷ್ಟು ಹೇಳಿ ನಡೆದರು. ತಿರುಗಿ ನೋಡಲಿಲ್ಲ.

ಮುಂದಿನ ಸಂತೆಗೆ ಕಲ್ಲಯ್ಯ ಉಪ್ಪು ಬೆಲ್ಲ ತರಲು ಹೋದ. ಮೀನಿನ ಸಾಲು ಹಾಯಬೇಕಾಯಿತು. ಅಲ್ಲಿ ಯಂಕೋಬ ಅನ್ನುವವನು ನೀಲಿ ಡ್ರಮ್ಮು ಇಟ್ಟುಕೊಂಡು ಕೂತಿದ್ದ. ಕೊಳಕು ನೀರಿನಲ್ಲಿ ಕಪ್ಪು ಮೀನು ಒಂದರ ಮೇಲೊಂದು ಹೊರಳುತ್ತಿದ್ದವು. ಚಪ್ಪಟೆ ತಲೆ, ಬಾಯಿಯ ಸುತ್ತ ಉದ್ದ ಮೀಸೆ.

ಜನ ಅದನ್ನು ಕ್ಯಾಟ್‌ಫಿಶ್ ಅನ್ನುತ್ತಾರೆ. ಹೊರದೇಶದ ಮೀನು. ಸಾಕಬಾರದೆಂದು ಸರಕಾರ ಹೇಳಿದ್ದರೂ ಹೊಲದ ಹೊಂಡಗಳಲ್ಲಿ ಕದ್ದು ಸಾಕುತ್ತಾರೆ, ಕೋಳಿ ಅಂಗಡಿಯ ಹೊಲಸು ಹಾಕಿ ಬೆಳೆಸುತ್ತಾರೆ. ನೀರಿನಿಂದ ತೆಗೆದರೂ ಅದು ಬೇಗ ಸಾಯುವುದಿಲ್ಲ. ಗಿರಾಕಿಗೆ ತೋರಿಸಲೆಂದು ಯಂಕೋಬ ಒಂದನ್ನು ಎತ್ತಿ ನೆಲಕ್ಕೆ ಒಗೆದ. ಅದು ಮಣ್ಣಿನಲ್ಲಿ ಹೊರಳಿತು. ಬಾಯಿ ತೆರೆಯಿತು, ಮುಚ್ಚಿತು.

ಕಲ್ಲಯ್ಯ ಆ ಬಾಯಿಯನ್ನು ನೋಡಿದ. ಬೆಲ್ಲ ಮರೆತ.

ಬೆಲ್ಲದ ದುಡ್ಡಿಗೆ ಮೀನು ಕೊಂಡು, ಎರವಲು ಕೊಡದಲ್ಲಿ ಹಾಕಿಸಿಕೊಂಡು ಕೆರೆಯವರೆಗೆ ಹೊತ್ತು ತಂದ. ಮೊಣಕಾಲುದ್ದ ನೀರಿಗಿಳಿದು, ಮುಖ ಮೇಲೆತ್ತಿ ದೇವರನ್ನು ನೆನೆದು, ಕೊಡ ಬಗ್ಗಿಸಿದ. ಕಣ್ಣಲ್ಲಿ ನೀರು ಬಂತು. ಅವನ ಮನಸ್ಸು ಅಷ್ಟು ಹಗುರಾಗಿ ಎಂದೂ ಇರಲಿಲ್ಲ.

ಏರಿಯ ಮೇಲೆ ಹೋಗುತ್ತಿದ್ದವರು ನಿಂತು ನೋಡಿದರು. ಒಬ್ಬ ಮುದುಕಿ ಇಳಿದು ಬಂದು ಅವನ ಒದ್ದೆ ಕಾಲು ಮುಟ್ಟಿ ನಮಸ್ಕರಿಸಿದಳು.

ಕೆಡುಕು ಶುರುವಾದದ್ದು ಮೀನಿನಿಂದಲ್ಲ, ಆ ನಮಸ್ಕಾರದಿಂದ ಎಂದು ನನಗೆ ಅನಿಸುತ್ತದೆ. ಮುದುಕಿಗೇನು ಗೊತ್ತು, ಪಾಪ.

ಮರುಸಂತೆಗೂ ಕಲ್ಲಯ್ಯ ಕೊಡ ಒಯ್ದ. ಅದರ ಮರುಸಂತೆಗೆ ಜೊತೆಗೆ ನಾಲ್ಕು ಮಂದಿ ಬಂದರು. ಮಗಳ ಬಾಣಂತನ ಸುಸೂತ್ರವಾಯಿತೆಂದು ಒಬ್ಬರು, ಕೋರ್ಟಿನ ಕೆಲಸ ನೆಟ್ಟಗಾಗಲಿ ಎಂದು ಇನ್ನೊಬ್ಬರು, ಕೊಡಗಟ್ಟಲೆ ಮೀನು ತಂದು ಕೆರೆಗೆ ಬಿಟ್ಟರು. ಜೀವದಾನ ಎಂದು ಹೆಸರಾಯಿತು. ಅಡತಿ ಅಂಗಡಿಯ ಅಂದಾನೆಪ್ಪ ಸಾವಕಾರರು ಗುಡಿಸಲಿಗೆ ಅಕ್ಕಿ ಬೆಲ್ಲ ಕಳಿಸತೊಡಗಿ, ದಂಡೆಗೆ ಕಲ್ಲಿನ ಮೆಟ್ಟಿಲು ಕಟ್ಟಿಸಿ, 'ಜೀವದಾನದ ಕಟ್ಟೆ' ಎಂದು ಕಲ್ಲಲ್ಲಿ ಕೆತ್ತಿಸಿದರು. ಕೆಳಗೆ ತಮ್ಮ ಹೆಸರು, ಅದರ ಕೆಳಗೆ ಕಲ್ಲಯ್ಯನದು.

ಕಲ್ಲಯ್ಯ ತನ್ನ ಹೆಸರು ಬೇಡ ಅಂದ. ಎರಡು ಸಲ ಅಂದ. ಮೂರನೆಯ ಸಲ ಅನ್ನಲಿಲ್ಲ.

ಬೇಡ ಅಂದವರು ಇನ್ನೊಬ್ಬರಿದ್ದರು. ಕೆರೆಯಲ್ಲಿ ಮೀನು ಹಿಡಿಯುವ ಮನೆಗಳಲ್ಲಿ ಹುಲಿಗೆವ್ವನದು ಹಿರಿಯ ಮನೆ. ಗಂಡ ಸತ್ತ ಮೇಲೆ ತೆಪ್ಪವನ್ನು ತಾನೇ ನಡೆಸುವ ಹೆಂಗಸು. ಬಿದಿರು ಹೆಣೆದು ಡಾಂಬರು ಬಳಿದ ಗುಂಡನೆಯ ತೆಪ್ಪದಲ್ಲಿ ನಿಂತು ನಡುನೀರಿನಿಂದಲೇ ಕೂಗಿದಳು.

"ಅಯ್ಯನವರ, ಅದನ್ನ ಇಲ್ಲಿ ಬಿಡಬ್ಯಾಡ್ರಿ. ಅದು ಉಳಿದ ಮೀನೆಲ್ಲ ತಿಂತೈತಿ."

ಮೀನು ಕೊಲ್ಲುವವಳಿಗೆ ಮೀನು ಬಿಡುವುದು ಕಂಡರೆ ಸಂಕಟವಾಗುವುದು ಸಹಜ ಎಂದುಕೊಂಡ ಕಲ್ಲಯ್ಯ. ಅವಳ ಕಡೆ ನೋಡಿ ನಕ್ಕ. ಅಜ್ಞಾನಿಗಳ ಮೇಲೆ ಕರುಣೆ ಬಂದಾಗ ಸಾಧುಗಳು ನಗುತ್ತಾರಲ್ಲ, ಆ ನಗು.

ಬೈದಿದ್ದರೆ ಹುಲಿಗೆವ್ವ ಮರೆಯುತ್ತಿದ್ದಳು. ಆ ನಗು ಅವಳು ಮರೆಯಲಿಲ್ಲ. ನಾನೂ ಮರೆತಿಲ್ಲ.

ದೀಪಾವಳಿ ಮುಗಿದು ಅಜ್ಜ ಮರಳಿ ಬಂದರು. ಕಾಲು ತೊಳೆದು, ರೊಟ್ಟಿ ಮುರಿದು ಬಾಯಿಗಿಡುವಷ್ಟರಲ್ಲಿ ಹುಲಿಗೆವ್ವ ಬಂದಳು. ಬಗಲಲ್ಲಿ ಬುಟ್ಟಿ. ಅಂಗಳದಲ್ಲಿ ಬೋರಲು ಹಾಕಿದಳು. ತೊಡೆಯಷ್ಟು ದಪ್ಪದ ಮೀಸೆಮೀನು ಮಣ್ಣಿನಲ್ಲಿ ಹೊರಳಿ ಬಾಯಿ ತೆರೆಯಿತು.

"ಇದೇನವ್ವ?"

"ನಿಮ್ಮ ಶಿಷ್ಯಾನ ಕೇಳ್ರಿ. ನಮ್ಮ ಕೆರಿಗೆ ಪುಣ್ಯ ಬಿಟ್ಟಾರ."

ಕಲ್ಲಯ್ಯ ಎದ್ದು ನಿಂತು ಎಲ್ಲ ಹೇಳಿದ. ಸಂತೆ ಹೇಳಿದ, ಡ್ರಮ್ಮು ಹೇಳಿದ, ಮೆಟ್ಟಿಲು ಹೇಳಿದ. ಹೇಳುತ್ತ ಅವನ ಧ್ವನಿ ಮೆತ್ತಗಾಯಿತು, ಕಣ್ಣು ಹೊಳೆದವು. ಗುರು ಮೆಚ್ಚುತ್ತಾರೆಂದು ಕಾದ.

ಅಜ್ಜ ರೊಟ್ಟಿಯನ್ನು ಬದಿಗಿಟ್ಟರು.

"ಕೊಡ ಬಗ್ಗಿಸುವಾಗ ಯಾವ ಕಡೆ ನೋಡ್ತಿದ್ದಿ?"

"ಮ್ಯಾಲ, ಅಜ್ಜಾರ. ದೇವರ ಕಡೆ."

"ಮೀನ ಯಾವ ಕಡೆ ಹೋತು?"

ಅಜ್ಜ ಎದ್ದು ಮೀನಿನ ಬಳಿ ಹೋದರು.

"ಚಾಕು ತಾ."

ಹುಲಿಗೆವ್ವ ಒಂದೇ ಏಟಿಗೆ ಮೀನು ಕೊಂದಳು. ಅಜ್ಜ ಅದರ ಹೊಟ್ಟೆ ಸೀಳಿದರು. ಎಷ್ಟೋ ವರ್ಷ ಮೀನು ಮುಟ್ಟದ ಕೈ, ಆದರೂ ತಡವರಿಸಲಿಲ್ಲ. ಒಳಗಿದ್ದದ್ದನ್ನು ಮುತ್ತಲ ಎಲೆಯ ಮೇಲೆ ಒಂದೊಂದಾಗಿ ಇಟ್ಟರು. ಬೆರಳುದ್ದದ ಮರಿಗಳು. ಶ್ರಾವಣದಲ್ಲಿ ಅಂಬಿಗರೆಲ್ಲ ಕೂಡಿ ಅರಿಶಿನ ಕುಂಕುಮ ಹಾಕಿ ಕೆರೆಗೆ ಬಿಟ್ಟಿದ್ದ ರೋಹು, ಕಾಟ್ಲಾ ಮರಿಗಳು. ಒಂದು ಕಪ್ಪೆ. ಕೊನೆಗೆ ನೀರುಕೋಳಿಯ ಮರಿಯದೊಂದು ಕಾಲು.

ಕಲ್ಲಯ್ಯ ಮುಖ ತಿರುಗಿಸಿದ.

"ನೋಡು," ಅಂದರು ಅಜ್ಜ.

"ನೋಡಾಕ ಆಗೂದಿಲ್ಲ, ಅಜ್ಜಾರ."

"ಅದ ಅಲ್ಲೇನು ನಿನ್ನ ರೋಗ."

ಹುಲಿಗೆವ್ವನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಮುಂಗಾರಿನ ಹೊಸ ನೀರಿಗೆ ಇವು ಮರಿ ಮಾಡಿಕೊಂಡಾವ್ರಿ. ಬಲಿ ಎಳದ್ರ ನಮ್ಮ ಮೀನ ಒಂದೂ ಇಲ್ಲ, ಬರೇ ಮೀಸಿ. ನನ್ನ ಇಬ್ಬರು ಸೊಸ್ತೇರು ಇಟ್ಟಂಗಿ ಭಟ್ಟಿಗೆ ಹೋಗ್ಯಾರ. ಮುಂದಿನ ಮಳಿ ಬರೂದ್ರೊಳಗ ಕೆರಿ ಹಸನ ಆಗಲಿಲ್ಲಂದ್ರ ಮತ್ತ ಮರಿ ಬಿಟ್ಟು ಏನ ಮಾಡೂದು? ತೆಪ್ಪ ಬೋರಲ ಹಾಕಿ ನಾವೆಲ್ಲಾರೂ ಭಟ್ಟಿಗೆ ಹೋಗೂದ. ನಾ ಕೂಗಿ ಹೇಳೀನ್ರಿ ಇವರಿಗೆ. ಹೇಳಿದ್ರ ನಕ್ರು."

"ನಕ್ಕಿ?" ಎಂದು ಅಜ್ಜ ಕಲ್ಲಯ್ಯನನ್ನು ಕೇಳಿದರು.

"ನಕ್ಕೆ."

ಅಜ್ಜನ ಮುಖ ಕೆಂಪಾಯಿತು. ಆ ಗುಡಿಸಲಿನಲ್ಲಿ ಅವರಿಗೆ ಸಿಟ್ಟು ಬಂದದ್ದನ್ನು ಕಂಡವರು ಇರಲಿಲ್ಲ. ಅವತ್ತು ಇಬ್ಬರು ಕಂಡರು.

ಕಲ್ಲಯ್ಯ ಅಡ್ಡಬಿದ್ದ.

"ತಪ್ಪಾತ್ರಿ. ಉಪವಾಸ ಮಾಡತೀನಿ."

"ನೀ ಉಣ್ಣಲಿಲ್ಲಂದ್ರ ಆ ಮೀನ ಉಣ್ಣೂದು ಬಿಡ್ತಾವೇನು?"

"ಮೌನ ಹಿಡೀತೀನಿ."

"ಅವೂ ಮೌನದಾಗ ತಿಂತಾವ."

"ಮತ್ತ ಏನ ಮಾಡ್ಲಿ?"

"ಬಿಟ್ಟಾವ ಹಿಡೀಬೇಕು. ಈಕಿ ತೆಪ್ಪಾ ಹತ್ತು."

ಕಲ್ಲಯ್ಯ ತಲೆ ಎತ್ತಿದ. "ಹಿಡದು?"

"ಹಿಡದು ಕೊಲ್ಲು."

"ಅಜ್ಜಾರ, ಜೀವ ನೋಯಿಸಬ್ಯಾಡ ಅಂದಾವ್ರು ನೀವ."

"ಅಂದೀನಿ," ಅಂದರು ಅಜ್ಜ.

ಹುಲಿಗೆವ್ವ ಬುಟ್ಟಿ ಎತ್ತಿಕೊಂಡಳು. "ನನ್ನ ತೆಪ್ಪದಾಗ ಪುಣ್ಯವಂತರಿಗೆ ಜಾಗಾ ಇಲ್ರಿ," ಎಂದು ಹೇಳಿ ಹೋದಳು.

ಅಷ್ಟು ದಿನ ಎಲ್ಲಿ ಅಡಗಿತ್ತೋ, ಕಲ್ಲಯ್ಯನ ಹಳೆಯ ಸಿಟ್ಟು ಅವತ್ತು ಎದ್ದು ಬಂತು. ಅಹಿಂಸೆ ಕಲಿಸಿದ ಬಾಯಿಯಲ್ಲೇ ಕೊಲ್ಲು ಅನ್ನುವುದೇ? ಇರುವೆಗೆ ದಾರಿ ಬಿಟ್ಟವನ ಕೈಗೆ ದೊಣ್ಣೆ ಕೊಡುವುದೇ? ಅಂಬಿಗರ ಬುದ್ಧಿ ಅಂಬಿಗರಿಗೇ ಎಂದು ಕೂಡ ಮನಸ್ಸಿನಲ್ಲಿ ಅಂದ. ಅಂಥ ಮಾತು ಅನ್ನಲಿಕ್ಕೆ ಇರುವೆಯ ಮೇಲಿನ ದಯೆ ಅಡ್ಡ ಬರುವುದಿಲ್ಲ.

ಜೋಳಿಗೆ ಹೆಗಲಿಗೆ ಹಾಕಿ ಹೊರಟೇಬಿಟ್ಟ. ಅಜ್ಜ ತಡೆಯಲಿಲ್ಲ. ರೊಟ್ಟಿ ಒಣಗಿತ್ತು, ನೀರು ಚಿಮುಕಿಸಿಕೊಂಡು ತಿನ್ನುತ್ತಿದ್ದರು.

ದಾರಿಯಲ್ಲಿ ಸಂತೆ. ಅವತ್ತೇ ಸಂತೆಯ ದಿನ. ಮೀನಿನ ಸಾಲು ಹಾಯುವಾಗ ಕೂಗು ಕೇಳಿಸಿತು.

"ಬರ್ರಿ, ಕಲ್ಲಯ್ಯನವರ ಮೀನ. ಕಲ್ಲಯ್ಯನವರ ಮೀನ ಬರ್ರಿ."

ಯಂಕೋಬನ ಮುಂದೆ ಈಗ ಒಂದು ಡ್ರಮ್ಮಲ್ಲ, ಡ್ರಮ್ಮುಗಳ ಸಾಲು. ಕಂಕುಳಲ್ಲಿ ಜ್ವರದ ಕೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಕೊಡ ಹಿಡಿದು ನಿಂತಿದ್ದಳು.

ಕಲ್ಲಯ್ಯ ಅವಳ ಬಳಿ ಹೋದ.

"ತಂಗಿ, ಬ್ಯಾಡ. ಈ ಮೀನ ಕೆರಿಗೆ ಬಿಡಬ್ಯಾಡ. ಕೂಸಿನ್ನ ದವಾಖಾನಿಗೆ ಕರಕೊಂಡ ಹೋಗು."

ಅವಳು ಅವನ ಗುರುತು ಹಿಡಿದು ಸೆರಗು ಸರಿಮಾಡಿಕೊಂಡಳು. "ನೀವ ಅಲ್ಲೇನ್ರಿ ಪುಣ್ಯ ಬರತೈತಿ ಅಂದಾವ್ರು?"

"ಅಂದಿದ್ದೆ. ತಪ್ಪ ಅಂದಿದ್ದೆ."

"ಹಂಗಂದ್ರ ಹೆಂಗ್ರಿ," ಅಂದಳು ಅವಳು. ಕೂಸನ್ನು ಇನ್ನೊಂದು ಬಗಲಿಗೆ ಹಾಕಿಕೊಂಡು ಕೊಡವನ್ನು ಮುಂದೆ ಚಾಚಿದಳು. ಯಂಕೋಬ ಮೀನು ತುಂಬಿದ.

"ಅಯ್ಯನವರ, ಹ್ವಾದ ವರ್ಷ ಈ ಮೀನಾ ಯಾರೂ ಮೂಸಿ ನೋಡ್ತಿರಲಿಲ್ಲ," ಎಂದು ಯಂಕೋಬ ಪ್ರೀತಿಯಿಂದಲೇ ಹೇಳಿದ. "ನಿಮ್ಮ ದಯದಿಂದ ಇನ್ನೆರಡು ಹೊಂಡಾ ತೋಡೀನಿ. ತಿನ್ನಾವ ಚೌಕಾಸಿ ಮಾಡ್ತಾನ. ಪುಣ್ಯಾ ಮಾಡಾವ ಮಾಡೂದಿಲ್ಲ. ತೊಗೋರಿ, ಒಂದು ಹಂಗ ಒಯ್ರಿ. ನಿಮ್ಮ ಪಾಲು."

ಮೀಸೆಮೀನನ್ನು ಎತ್ತಿ ಅವನ ಕೈಗಿಟ್ಟ.

ಕಲ್ಲಯ್ಯನ ಕಣ್ಣು ಕತ್ತಲೆಗಟ್ಟಿತು. ಮೀನನ್ನು ಡ್ರಮ್ಮಿಗೇ ಒಗೆದು, ಡ್ರಮ್ಮನ್ನು ಒದ್ದು ಉರುಳಿಸಲು ಕಾಲೆತ್ತಿದ. ಎತ್ತಿದ ಕಾಲಿನ ಕೆಳಗೆ ಗಟಾರು ಕಾಣಿಸಿತು. ಸಂತೆಯ ಗಟಾರು ಹಳ್ಳಕ್ಕೆ ಸೇರುತ್ತದೆ. ಹಳ್ಳ ಸುಂಕವ್ವನ ಕೆರೆಗೆ ಸೇರುತ್ತದೆ.

ಮೀನು ಎತ್ತ ಹೋಗುತ್ತದೆಂದು ಕಲ್ಲಯ್ಯ ಮೊದಲ ಸಲ ಕೆಳಗೆ ನೋಡಿದ್ದ. ಕಾಲಿಳಿಸಿದ.

ಹೊತ್ತು ಇಳಿಯುವ ಮುಂಚೆ ಅವನು ಕೆರೆಯ ದಂಡೆಯಲ್ಲಿದ್ದ. ಹುಲಿಗೆವ್ವ ತೆಪ್ಪದಲ್ಲಿ ಕೂತು ಬಲೆಯ ಕಸ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹತ್ತಲ್ಯಾ?"

"ಪುಣ್ಯಾ ಎಲ್ಲಿಟ್ಟು ಬಂದ್ರಿ?"

"ಸಂತ್ಯಾಗ ಮಾರಾಕತ್ತಾರ."

ಹುಲಿಗೆವ್ವ ಈಗ ತಲೆ ಎತ್ತಿದಳು. ಅವನ ಮುಖದಲ್ಲಿ ಆ ನಗು ಇದೆಯೇ ಎಂದು ಹುಡುಕಿದಳು. ಇರಲಿಲ್ಲ. "ಬಾಯಿ ಮುಚ್ಕೊಂಡು ಅತ್ಲಾಗ ಕೂಡ್ರು," ಅಂದಳು. ಅಯ್ಯನವರಿಗೆ ಆಡುವ ಬಹುವಚನ ಅಲ್ಲಿಗೆ ಮುಗಿಯಿತು.

ಚಳಿಗಾಲವೆಲ್ಲ ಅವನು ಕಲಿತ. ಕೋಳಿಯ ಕರುಳನ್ನು ಗಾಳಕ್ಕೆ ಚುಚ್ಚುವುದು ಕಲಿತ. ಗಾಳದ ಹಗ್ಗವನ್ನು ಸಂಜೆ ಹಾಸಿ ಬೆಳಿಗ್ಗೆ ಎತ್ತುವುದು ಕಲಿತ. ಅವನ ಮೈಗೆ ಬಂದ ವಾಸನೆ ಎಷ್ಟು ಮಿಂದರೂ ಹೋಗಲಿಲ್ಲ.

ಮೊದಲನೆಯ ಮೀನು ತೆಪ್ಪದಲ್ಲಿ ಬಿದ್ದಾಗ ಹುಲಿಗೆವ್ವ ದೊಣ್ಣೆ ಚಾಚಿದಳು. ಅವನು ಹಿಡಿದುಕೊಂಡ. ಎತ್ತಿದ. ಕೈ ಮೇಲೆಯೇ ನಿಂತಿತು. ಅಣ್ಣನ ಮೇಲೆ ಎತ್ತಿದ ಕೈ ಅದೇ.

ಮೀನು ಬಾಯಿ ತೆರೆಯಿತು, ಮುಚ್ಚಿತು.

"ಹೊಡಿ," ಅಂದಳು ಹುಲಿಗೆವ್ವ. "ನೀ ತಡಾ ಮಾಡಿದಷ್ಟೂ ಅದಕ್ಕ ಸಂಕಟ. ನಿನ್ನ ಮನಸಿನ ಗದ್ಲಾ ಆಮ್ಯಾಲ ನೋಡ್ಕೋ."

ಹೊಡೆದ. ಸರಿಯಾಗಿ ಬೀಳಲಿಲ್ಲ. ಮತ್ತೆ ಹೊಡೆದ. ಆಮೇಲೆ ತೆಪ್ಪದ ಅಂಚಿಗೆ ಬಾಗಿ ಕೈ ತೊಳೆದ.

ಸಂಜೆ ಗುಡಿಸಲಿನ ಮುಂದೆ ಕೂತು ಕೇಳಿದ.

"ಅಜ್ಜಾರ, ಬಿಡುವಾಗ ಮನಸು ಹಗರ ಇತ್ತು. ಕೊಲ್ಲುವಾಗ ಕಲ್ಲು ಹೊತ್ತಂಗ ಆಗತೈತಿ. ಹಗರ ಇದ್ದದ್ದು ಪಾಪ, ವಜ್ಜಿ ಇದ್ದದ್ದು ಪುಣ್ಯ ಆಗತೈತೇನು?"

"ನಾಳಿ ಗಾಳಕ್ಕ ಕರಳು ತಂದೀಯೇನು?" ಎಂದು ಕೇಳಿದರು ಅಜ್ಜ.

"ಇಲ್ಲ."

"ಮತ್ತ ಇಲ್ಲೇನ ಮಾಡಾಕತ್ತಿ?"

ಶಿವರಾತ್ರಿ ಕಳೆದು ಬಿಸಿಲೇರಿತು. ಕೆರೆಯ ನೀರು ಸರಿಯಿತು. ತೆಪ್ಪಗಳೆಲ್ಲ ಕೂಡಿ ಎಳೆಬಲೆ ಹಾಕಿದರು. ಕಲ್ಲಯ್ಯ ಎದೆಮಟ್ಟ ಕೆಸರಲ್ಲಿ ನಿಂತು ಎಳೆದ. ಬುಟ್ಟಿ ಬುಟ್ಟಿ ಮೀಸೆಮೀನು ದಂಡೆಗೆ ಬಂದವು. ನಡುವೆ ಅಲ್ಲೊಂದು ಇಲ್ಲೊಂದು ಬೆಳ್ಳಗೆ ಹೊಳೆಯುವ ಗೆಂಡೆಮೀನು ಸಿಕ್ಕರೆ ಹುಲಿಗೆವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿ ನೀರಿಗೆ ಬಿಡುವಳು. ಬಿಟ್ಟು, ಅದು ಹೋದ ಕಡೆಯೇ ನೋಡುವಳು.

ಕಲ್ಲಯ್ಯ ಅದನ್ನು ನೋಡಿದ.

ಬೇಸಿಗೆ ಮುಗಿಯುತ್ತ ಬಂತು. ಕೊನೆಯ ಎಳೆಗಳಲ್ಲಿ ಮೀಸೆಮೀನು ಕಡಿಮೆಯಾದವು. ಹುಲಿಗೆವ್ವನ ಹಿರಿಸೊಸೆ ಭಟ್ಟಿಯಿಂದ ಬಂದು ದಂಡೆಯಲ್ಲಿ ನಿಂತು ನೋಡಿಕೊಂಡು ಹೋದಳು. ಮಳೆಗೆ ಮರಿ ಬಿಡುವುದೋ ಬೇಡವೋ ಎಂದು ಅಂಬಿಗರು ಮಾತಾಡಿಕೊಳ್ಳತೊಡಗಿದರು. ಬಿಡೋಣ ಅನ್ನುವವರು ಹೆಚ್ಚಾದರು.

ಅಂಥದರಲ್ಲಿ ಒಂದು ಮುಂಜಾನೆ ಹಲಗೆ ಬಡಿಯುವ ಸದ್ದು ಕೇಳಿಸಿತು. ಅಂದಾನೆಪ್ಪ ಸಾವಕಾರರ ತಾಯಿಯ ವರ್ಷದ ತಿಥಿ. ಸಾವಕಾರರು ಮಡಿ ಉಟ್ಟು, ಹಿಂದೆ ಮಂದಿ, ಮುಂದೆ ಹಲಗೆ, ಕೊಡಗಳನ್ನು ಹೊರಿಸಿಕೊಂಡು ಜೀವದಾನದ ಕಟ್ಟೆಗೆ ಬಂದರು.

ಮೆಟ್ಟಿಲ ಮೇಲೆ ಕಲ್ಲಯ್ಯ ನಿಂತಿದ್ದ. ಮೈಯೆಲ್ಲ ಕೆಸರು, ಕೈಯಲ್ಲಿ ದೊಣ್ಣೆ, ಕಾಲ ಬಳಿ ಸತ್ತ ಮೀನಿನ ಬುಟ್ಟಿ. ಹಲಗೆ ನಿಂತಿತು.

"ಸಾವಕಾರ್ರ, ಇಲ್ಲಿ ಬಿಡಬ್ಯಾಡ್ರಿ."

"ಕಲ್ಲಯ್ಯನವರ, ಇದೇನ ಅವತಾರ?"

"ಕೈ ಮುಗೀತೀನಿ. ಅವು ಕೆರಿ ತಿಂದಾವ. ಈಗಷ್ಟ ಹಸನ ಆಗಾಕತ್ತೈತಿ."

"ಕಟ್ಟಿ ಕಟ್ಟಿಸಿದಾವ ನಾನು. ನಿಮ್ಮ ಮಾತ ಕೇಳಿ ಕಟ್ಟಿಸೀನಿ."

"ನನ್ನ ಮಾತ ತಪ್ಪಿತ್ತು."

"ಹಂಗಾರ ಇಲ್ಲೀತನಕ ನಾವು ಮಾಡಿದ ಪುಣ್ಯ?" ಸಾವಕಾರರ ಧ್ವನಿ ಏರಿತು. "ಅದೆಲ್ಲಿ ಹೋತು?"

ಗದ್ದಲ ಕೇಳಿ ಅಜ್ಜ ಏರಿಯಿಂದ ಕೋಲೂರಿಕೊಂಡು ಇಳಿದು ಬಂದಿದ್ದರು. ಜನ ದಾರಿ ಬಿಟ್ಟರು.

"ಅಜ್ಜಾರ, ನೀವ ಹೇಳ್ರಿ," ಅಂದರು ಸಾವಕಾರರು. "ಜೀವಾ ಬಿಡಸಾವ ಜೀವಾ ತಗಿಯೂ ಕಟುಕ ಆಗ್ಯಾನ. ಇವನ್ನ ಹೊರಗ ಹಾಕ್ರಿ. ಇಲ್ಲಂದ್ರ ನಮ್ಮ ಪುಣ್ಯ ಎಲ್ಲಿ ಹೋತು, ಅದನ್ನರ ತೋರಸ್ರಿ."

ಅಜ್ಜ ಕೋಲಿನಿಂದ ಬುಟ್ಟಿ ತೋರಿಸಿದರು.

"ಅಲ್ಲೈತಿ. ಎತ್ತಿ ನೋಡ್ರಿ, ಎಷ್ಟ ವಜ್ಜಿ ಐತಿ."

ಸಾವಕಾರರು ಬುಟ್ಟಿಯ ಲೋಳೆ ತಾಗೀತೆಂದು ಧೋತರ ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಮಂದಿಯಲ್ಲಿ ಯಾರೋ ನಕ್ಕರು. ನಗಬಾರದಿತ್ತು. ನಗೆಪಾಟಲಾದ ಶ್ರೀಮಂತ ಏನು ಬೇಕಾದರೂ ಮಾಡುತ್ತಾನೆ.

"ನಿಮ್ಮ ಗುಡಸಲಕ್ಕ ಇನ್ನ ಮ್ಯಾಲ ನಮ್ಮನಿ ಅಕ್ಕಿ ಬೆಲ್ಲಾ ಬರೂದಿಲ್ಲ," ಅಂದರು ಸಾವಕಾರರು. "ನಮ್ಮವ್ವನ ಪುಣ್ಯ ನಮ್ಮದು. ಕೆರಿ ನಿಮ್ಮಪ್ಪಂದಲ್ಲ."

ಆಳಿನ ಹೆಗಲಿನ ಕೊಡವನ್ನು ಕಸಿದು, ಕಲ್ಲಯ್ಯ ಕೈ ಚಾಚುವಷ್ಟರಲ್ಲಿ, ನೀರಿಗೆ ಬಗ್ಗಿಸಿದರು. ಉಳಿದವರೂ ಅವರ ಹಿಂದೆಯೇ ಬಗ್ಗಿಸಿದರು. ಕಪ್ಪು ಬೆನ್ನುಗಳು ಒಂದು ಕ್ಷಣ ಮೇಲೆ ಹೊರಳಿ ಕೆಳಗೆ ಹೋದವು.

ಬಗ್ಗಿಸುವಾಗ ಸಾವಕಾರರು ಮುಖ ಮೇಲೆತ್ತಿದ್ದರು. ಹೇಗೆ ಎತ್ತಬೇಕೆಂದು ಅವರಿಗೆ ಕಲಿಸಿದ್ದು ಕಲ್ಲಯ್ಯನೇ.

ಹಲಗೆ ಬಾರಿಸುತ್ತ ಮಂದಿ ಹೋದರು.

ಕಲ್ಲಯ್ಯ ಮೆಟ್ಟಿಲ ಮೇಲೆ ಕುಸಿದು ಕೂತ. ದೊಣ್ಣೆಯಿಂದ ಕಲ್ಲಿಗೆ ಹೊಡೆದ. ತನ್ನ ಹೆಸರು ಕೆತ್ತಿದ ಕಡೆಯೇ ಹೊಡೆದ. ದೊಣ್ಣೆ ಸೀಳಿತು. ಹೆಸರು ಹಾಗೇ ಇತ್ತು.

"ಇದು ಮುಗಿಯೂದಿಲ್ಲ, ಅಜ್ಜಾರ. ನಾ ಹಿಡದಷ್ಟೂ ಅವರು ಬಿಡ್ತಾರ. ಕಲಿಸೂದು ಒಂದು ದಿನದಾಗ ಕಲಿಸಿದೆ. ಮರಸೂದು ಈ ಜನ್ಮಕ್ಕ ಆಗೂದಿಲ್ಲ. ಎದಿ ಉರೀತೈತಿ. ನಿಮ್ಮ ಹತ್ರ ಬಂದಾಗ ಇಷ್ಟ ಸಿಟ್ಟು ಇರಲಿಲ್ಲ."

ಅಜ್ಜ ತಿರುಗಿ ಏರಿ ಹತ್ತಿದರು.

ಹುಲಿಗೆವ್ವ ತೆಪ್ಪವನ್ನು ಮೆಟ್ಟಿಲ ಬಳಿಗೆ ತಂದಳು. ಬಲೆ ಮಡಿಸಿ ಇಟ್ಟಿದ್ದಳು. ಮೋಡ ಕಟ್ಟಿದೊಡನೆ ಮಳೆ ಸುರಿಯುವ ಸೀಮೆಯಲ್ಲ ಅದು. ಆದರೂ ತೆಂಕಣ ದಿಕ್ಕಿಗೆ ಒಂದು ಕರಿ ಅಂಚು ಕಾಣಿಸಿತ್ತು. ಮಳೆಗೆ ಹೆಚ್ಚು ದಿನ ಉಳಿದಿರಲಿಲ್ಲ.

ಅಜ್ಜ ಮರಳಿ ಬಂದರು. ಕೈಯಲ್ಲಿ ಕೋಲಿರಲಿಲ್ಲ. ತೊಲೆಯಿಂದ ಇಳಿಸಿದ ಹುಟ್ಟಿತ್ತು. ಅದರ ಮೇಲಿನ ಜೇಡರ ಬಲೆಯನ್ನು ಧೋತರದ ಅಂಚಿನಿಂದ ಒರೆಸುತ್ತ ಮೆಟ್ಟಿಲಿಳಿದರು. ಹುಲಿಗೆವ್ವ ಸರಿದು ಜಾಗ ಮಾಡಿದಳು. ಅಜ್ಜ ನೀರಿಗೆ ಕಾಲಿಟ್ಟು, ತೆಪ್ಪದ ಅಂಚು ಹಿಡಿದು ಹತ್ತಿ ಕೂತರು.

ಕಲ್ಲಯ್ಯ ಗಾಬರಿಯಿಂದ ಎದ್ದ.

"ನೀವ್ಯಾಕ ಹತ್ತೀರಿ, ಅಜ್ಜಾರ? ಮೀನ ಬಿಟ್ಟಾವ ನಾನು."

ಅಜ್ಜ ಹುಟ್ಟನ್ನು ನೀರಿಗೆ ಹಾಕಿದರು.

"ನಿನ್ನ ಬಿಟ್ಟಾವ ನಾನು."